ಈಗಮ್ಮನ ಸೆರಗಿನ ಕುಚ್ಚು

ಆ ಊರಿನಲ್ಲಿ ಏನೇ ಆದರೂ ಹೇಳಿದ ಮೇಲೆಯೇ ಆಗುತ್ತಿತ್ತು.

ಒಲೆ ಹೊತ್ತಿತು ಎಂದು ಹೇಳಬೇಕು, ಆಮೇಲೆ ಅನ್ನ ಬೇಯುತ್ತಿತ್ತು. ಬೆಕ್ಕು ಮರಿ ಹಾಕಿತು ಎಂದು ಹೇಳಬೇಕು, ಆಮೇಲೆ ಮರಿಗಳು ಕಣ್ಣು ಬಿಡುತ್ತಿದ್ದವು. ಪಕ್ಕದ ಮನೆಯವಳು ನನ್ನನ್ನು ನೋಡಿಯೂ ನೋಡದ ಹಾಗೆ ಹೋದಳು ಎಂದು ಹೇಳಬೇಕು, ಆಮೇಲೆಯೇ ಸಿಟ್ಟು ಬರುತ್ತಿತ್ತು. ಹೇಳದೇ ಉಳಿದದ್ದು ಆಗದೇ ಉಳಿಯುತ್ತಿತ್ತು.

ಹೇಳಬೇಕಾದದ್ದು ಈಗಮ್ಮನಿಗೆ.

ಊರ ನಡುವೆ ಒಂದು ಉಯ್ಯಾಲೆ. ಅದರ ಹಗ್ಗಗಳನ್ನು ಮೇಲೆ ಎಲ್ಲಿಗೆ ಕಟ್ಟಿದ್ದಾರೆಂದು ಯಾರೂ ಕಂಡಿರಲಿಲ್ಲ. ಕತ್ತೆತ್ತಿದರೆ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು, ಮೋಡವಿದ್ದ ದಿನ ಕತ್ತೆತ್ತುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಉಯ್ಯಾಲೆಯ ಮೇಲೆ ಈಗಮ್ಮ ಕೂತಿರುತ್ತಿದ್ದಳು. ಅವಳ ಸೆರಗು ಬೀದಿಯುದ್ದಕ್ಕೂ ಹರಡಿಕೊಂಡಿತ್ತು. ಸೆರಗಿನ ಅಂಚಿಗೆ ಕುಚ್ಚುಗಳು, ಕುಚ್ಚಿನ ಪಕ್ಕ ಕುಚ್ಚು, ಊರಿಗೆಲ್ಲ ಸಾಲುವಷ್ಟು. ಹೇಳಲು ಬಂದವರು ಒಂದು ಕುಚ್ಚು ಹಿಡಿದುಕೊಂಡು ಹೇಳಬೇಕು. ಹೇಳಿ ಮುಗಿಸಿದಾಗ ಈಗಮ್ಮ "ಹೂಂ" ಅನ್ನುತ್ತಾಳೆ. ಹೂಂ ಅಂದ ಮೇಲೆ ಕುಚ್ಚು ಬಿಡಬಹುದು. ಅದಕ್ಕೂ ಮುಂಚೆ ಬಿಟ್ಟರೆ ಮಾತು ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದದ್ದನ್ನು ಆ ಊರಿನಲ್ಲಿ ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. ಎಷ್ಟು ಜನ ಒಟ್ಟಿಗೆ ಹೇಳಿದರೂ ಅವಳಿಗೆ ಕೇಳಿಸುತ್ತಿತ್ತು. ಎಲ್ಲರಿಗೂ ಅವರವರದೇ ಒಂದು ಹೂಂ.

ಊರು ಹೇಳುತ್ತಿತ್ತು. ಈಗಮ್ಮ ಹೂಂ ಅನ್ನುತ್ತಿದ್ದಳು. ಉಯ್ಯಾಲೆ ತೂಗುತ್ತಿತ್ತು.

ಅವಳಿಗೆ ಇದ್ದದ್ದು ಒಂದೇ ದೂರು. "ಊರಿನ ಹೋಳಿಗೆ ಸುದ್ದಿಯೆಲ್ಲ ನನ್ನ ಕಿವಿಗೆ ಬೀಳುತ್ತೆ. ಒಂದಾದ್ರೂ ಬಾಯಿಗೆ ಬೀಳುತ್ತಾ?" ಬೀಳುವ ಹಾಗಿರಲಿಲ್ಲ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಹೂಂ ಅಂದರೆ ಅದು ಹೂಂ ಆಗುವುದಿಲ್ಲ, ಎಮ್ಮೆ ಕರೆದ ಹಾಗಾಗುತ್ತದೆ.

ಉಯ್ಯಾಲೆಯ ಹಿಂದೆ ಒಂದು ಹುಲ್ಲಿನ ದಿಬ್ಬ, ದಿಬ್ಬಕ್ಕೆ ಕಲ್ಲಿನ ಮೆಟ್ಟಿಲು. ಕೆಳಗಿನ ಮೆಟ್ಟಿಲಿನಲ್ಲಿ ನಿನ್ನೆಮ್ಮ ಕೂತಿರುತ್ತಿದ್ದಳು. ಅವಳ ಮೇಲೆ ಮೊನ್ನೆಮ್ಮ. ಅವಳ ಮೇಲೆ ಆಚೆಮೊನ್ನೆಮ್ಮ. ಎಲ್ಲರಿಗಿಂತ ಮೇಲೆ, ಗಾಳಿಗೆ ಕೂದಲು ಹಾರಿಸಿಕೊಂಡು, ಎಂದೋ ಅಮ್ಮ. ಆಗಿ ಹೋದದ್ದನ್ನು ಕೇಳಬೇಕೆಂದರೆ ಅವರ ಹತ್ತಿರ ಹೋಗಬೇಕು. ಬೀಗದ ಕೈ ಎಲ್ಲಿಟ್ಟೆ ಅಂತ ನಿನ್ನೆಮ್ಮನನ್ನು ಕೇಳಿದರೆ ತಟ್ಟನೆ ಹೇಳುತ್ತಿದ್ದಳು. ಮೊನ್ನೆಮ್ಮ ಎಲ್ಲವನ್ನೂ ಸೀರೆ ಮಡಚಿದ ಹಾಗೆ ಮಡಚಿಟ್ಟುಕೊಂಡಿರುತ್ತಿದ್ದಳು, ಬಿಡಿಸಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಎಂದೋ ಅಮ್ಮನ ಹತ್ತಿರ ಹೋಗುವವರು ಊಟ ಕಟ್ಟಿಕೊಂಡೇ ಹೋಗುತ್ತಿದ್ದರು.

ಕಿವಿ ಅಂದಮೇಲೆ ತುಂಬುತ್ತದೆ. ಕೇಳಿ ಕೇಳಿ ಈಗಮ್ಮನ ತಲೆ ಭಾರವಾಗುತ್ತಿತ್ತು, ಹಗ್ಗ ನರಳುತ್ತಿತ್ತು, ಉಯ್ಯಾಲೆ ನಿಧಾನವಾಗುತ್ತಿತ್ತು. ಉಯ್ಯಾಲೆ ನಿಂತರೆ ಊರೇ ನಿಂತಂತೆ. ಒಂದು ಸಲ ನಿಂತೂ ಇತ್ತಂತೆ. ಮಗುಚಿದ ದೋಸೆ ಕಾವಲಿಗೆ ವಾಪಸ್ ಬೀಳದೆ ಗಾಳಿಯಲ್ಲೇ ನಿಂತಿತ್ತಂತೆ. ಸೀನಲು ಹೊರಟವನೊಬ್ಬ ಸೀನಿನ ಅಂಚಿನಲ್ಲೇ ಸಿಕ್ಕಿಕೊಂಡು, ಉಯ್ಯಾಲೆ ಮತ್ತೆ ಹೊರಟ ಮೇಲೂ ಆ ಸೀನು ಅವನಿಗೆ ಬರಲೇ ಇಲ್ಲವಂತೆ.

ಅದಕ್ಕೇ ತಲೆನೀರಿನ ದಿನ ಅಂತ ಒಂದು ಬರುತ್ತಿತ್ತು.

ಆವತ್ತು ಬೆಳಿಗ್ಗೆ ಎಂದೋ ಅಮ್ಮ ಎದ್ದು ನಿಂತು, ಇದ್ದಬದ್ದದ್ದನ್ನೆಲ್ಲ ಮರೆತು, ಹಗುರಾಗಿ, ಕಿಲಕಿಲ ನಗುತ್ತ ದಿಬ್ಬದ ಹುಲ್ಲಿನ ಮೇಲೆ ಜಾರಿಕೊಂಡು ಕೆಳಗಿಳಿಯುತ್ತಿದ್ದಳು. ಅವಳ ಕೆಲಸ ಮುಗಿಯಿತು. ಉಳಿದವರು ಒಂದೊಂದು ಮೆಟ್ಟಿಲು ಮೇಲೇರಿ ಒಂದೊಂದು ಹೆಸರು ಬದಲಿಸಿಕೊಳ್ಳುತ್ತಿದ್ದರು. ಖಾಲಿಯಾದ ಕೆಳಗಿನ ಮೆಟ್ಟಿಲಿಗೆ ಊರಿನ ಒಬ್ಬಳು ಹೊಸಬಳು ನಿನ್ನೆಮ್ಮನಾಗಿ ಬಂದು ಕೂರುತ್ತಿದ್ದಳು. ಈಗಮ್ಮ ತನ್ನ ತಲೆಯಲ್ಲಿದ್ದ ಅಷ್ಟನ್ನೂ ಅವಳ ಕಿವಿಗೆ ಪಿಸುಗುಡುತ್ತಿದ್ದಳು. ಪಿಸುಮಾತು ಮುಗಿದ ಕೂಡಲೇ ಕೊಡದಜ್ಜ ತಾಮ್ರದ ಕೊಡ ಎತ್ತಿ ಈಗಮ್ಮನ ನೆತ್ತಿಯ ಮೇಲೆ ನೀರು ಸುರಿಯುತ್ತಿದ್ದ. ಅವಳ ತಲೆ ಖಾಲಿ, ಹಗ್ಗ ಹಗುರ, ಉಯ್ಯಾಲೆ ಮತ್ತೆ ಜೋರು. ಎಲ್ಲರಿಗೂ ಹೋಳಿಗೆ. ಬದಲಾಗದೇ ಇದ್ದವಳು ಈಗಮ್ಮ ಒಬ್ಬಳೇ. ಅವಳು ಮೆಟ್ಟಿಲು ಹತ್ತುತ್ತಿರಲಿಲ್ಲ, ಜಾರುತ್ತಿರಲಿಲ್ಲ, ಒದ್ದೆ ತಲೆಯಲ್ಲಿ ಮತ್ತೆ ಮೊದಲಿನಿಂದ ಹೂಂ ಅನ್ನುತ್ತಿದ್ದಳು.

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ತಲೆನೀರಿನ ಮರುದಿನ ಊರಿನಲ್ಲಿ ವಿಚಿತ್ರಗಳು ಕಾಣುತ್ತಿದ್ದವು. ತೆಂಗಿನ ಮರದ ತುದಿಯಲ್ಲಿ ಒಬ್ಬ ಗಟ್ಟಿಯಾಗಿ ಅಪ್ಪಿಕೊಂಡು ಕೂತು, "ನಾನ್ಯಾಕೆ ಇಲ್ಲಿದೀನಿ?" ಅಂತ ಕೂಗುತ್ತಿದ್ದ. ಒಬ್ಬರ ಅಡುಗೆಮನೆಯಲ್ಲಿ ಯಾರೂ ಮಾಡದ ಕೇಸರಿಬಾತು ಒಂದು ಬಾಣಲೆ ತುಂಬ ಇರುತ್ತಿತ್ತು. ಒಬ್ಬಳಿಗೆ ಒಂದು ಕಾಲಿಗೆ ಮಾತ್ರ ಮದರಂಗಿ.

ಯಾಕೆಂದರೆ ಈಗಮ್ಮನ ಬಾಯಿ ಪಿಸುಗುಡುತ್ತಿದ್ದಾಗಲೂ ಕಿವಿ ಕೇಳುತ್ತಲೇ ಇರುತ್ತಿತ್ತು, ನಡುನಡುವೆ ಹೂಂ ಬರುತ್ತಲೇ ಇರುತ್ತಿತ್ತು. ಕೊನೆಯ ಪಿಸುಮಾತು ಮುಗಿದು ಕೊಡದ ನೀರು ನೆತ್ತಿ ಮುಟ್ಟುವುದರೊಳಗೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಇರುತ್ತಿತ್ತು. ಆ ಹೊತ್ತಿನಲ್ಲಿ ಹೇಳಿದ್ದು ನಿನ್ನೆಮ್ಮನಿಗೂ ಸಿಗಲಿಲ್ಲ, ಈಗಮ್ಮನಲ್ಲೂ ಉಳಿಯಲಿಲ್ಲ. ನೀರಿನ ಜೊತೆ ಮೋರಿಗೆ ಹೋಯಿತು. ಹೇಳಿದ್ದೂ ಹೋಯಿತು, ಹೂಂ ಅಂದದ್ದೂ ಹೋಯಿತು, ಆದದ್ದೇ ಆಗದ ಹಾಗಾಯಿತು. ತಮಾಷೆ ಅಂದರೆ ಊರಿನವರು ದೊಡ್ಡ ಸುದ್ದಿಗಳನ್ನೆಲ್ಲ ಆವತ್ತಿಗೇ ಎತ್ತಿಟ್ಟುಕೊಳ್ಳುತ್ತಿದ್ದರು. ತುಂಬಿದ ಕಿವಿಗಿಂತ ಖಾಲಿ ಕಿವಿ ಚೆನ್ನಾಗಿ ಕೇಳುತ್ತದೆ ಅಂತ ಅವರ ಲೆಕ್ಕ. ನೀರು ಬಿದ್ದ ತಕ್ಷಣ ಹೇಳಬೇಕೆಂದು ಕುಚ್ಚು ಹಿಡಿದು ನೂಕಾಡುತ್ತಿದ್ದರು. ಸಂತೋಷ ತಡೆಯಲಾರದೆ ಒಂದು ರೆಪ್ಪೆ ಮುಂಚೆ ಹೇಳಿಬಿಡುತ್ತಿದ್ದರು.

ಮರದ ಮೇಲಿದ್ದವರನ್ನು ಇಳಿಸುವ ಕೆಲಸ ಏಣಿಯವನದು. ಉದ್ದನೆಯ ಬಿದಿರಿನ ಏಣಿ ಹೆಗಲ ಮೇಲೆ, ಮುಖದಲ್ಲಿ ಯಾವಾಗಲೂ ಏನೋ ಮರೆತವನ ನಗು.

ಒಂದು ದಿನ ಅವನು ಗುಂಡಿಯವಳ ಬಾಗಿಲಿಗೆ ಬಂದ. ಗುಂಡಿಯವಳು ಊರಿನ ಅಂಗಿಗಳಿಗೆಲ್ಲ ಗುಂಡಿ ಹೊಲಿಯುತ್ತಿದ್ದಳು. ಅವಳಿಗೆ ಮಾತು ಕಷ್ಟ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದರೆ ಯಾರೂ ಮಾತಾಡಿಸುವುದಿಲ್ಲ ಎಂದು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದಳು.

"ಕತ್ತಿನ ಗುಂಡಿ ಬಿದ್ದುಹೋಗಿದೆ. ತೆಂಗಿನಮರದೋನು ಇಳಿಯೋವಾಗ ಕಾಲಿಟ್ಟ," ಅಂದ ಏಣಿಯವನು.

ಅವಳು ಸೂಜಿಯ ಸಂದಿಯಿಂದಲೇ ಹೂಂ ಅಂದು ಅಂಗಿ ಮಗುಚಿದಳು. ಮಗುಚಿದವಳು ಹಾಗೇ ಕೂತಳು. ಉಳಿದ ಗುಂಡಿಗಳ ಒಳಮೈಯಲ್ಲಿ ಒಂದೊಂದು ಕೆಂಪು ದಾರದ ಗಂಟು. ಆ ಗಂಟನ್ನು ಅವಳು ಊರವರ ಬಟ್ಟೆಗೆ ಹಾಕುತ್ತಿರಲಿಲ್ಲ. ತನ್ನ ಮನೆಯವರಿಗೆ ಮಾತ್ರ. ತನ್ನ ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ಚಿಕ್ಕಮ್ಮ.

ಬಾಯಿಂದ ಸೂಜಿ ತೆಗೆದಳು.

"ಇದು ನಾನು ಹೊಲಿದಿದ್ದು."

"ಮತ್ತೆ? ಊರಲ್ಲಿ ಇನ್ಯಾರು ಹೊಲೀತಾರೆ?"

"ಅಲ್ಲ. ಇದು ನಾನು... ನನ್ನವರಿಗೆ ಅಂತ ಹೊಲಿದಿದ್ದು."

ಏಣಿಯವನು ಗಂಟನ್ನು ನೋಡಿದ. ಗುಂಡಿಯವಳನ್ನು ನೋಡಿದ. ಆಮೇಲೆ ತಲೆ ಕೆರೆದುಕೊಂಡ. "ನಗಬೇಡಿ. ನಮ್ಮನೆ ಅಟ್ಟದ ಮೇಲೆ ಬಾಸಿಂಗ ಇದೆ. ಒಂದಲ್ಲ, ಒಂದು ರಾಶಿ. ಯಾರ ಮದುವೇದು ಅಂತ ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ."

ಅವಳು ಎದ್ದು ಒಳಗೆ ಹೋಗಿ ತನ್ನ ಟ್ರಂಕು ಎಳೆದುಕೊಂಡು ಬಂದಳು. ಮುಚ್ಚಳ ತೆಗೆದಳು. ಅದರಲ್ಲೂ ಒಂದು ರಾಶಿ ಬಾಸಿಂಗ, ಜರಿ ಸುಕ್ಕಾಗಿ, ಒಂದರ ಮೇಲೊಂದು.

ಇಬ್ಬರೂ ರಾಶಿಯತ್ತ ಬಗ್ಗಿದರು. ಮೊದಲು ಅವನಿಗೆ ನಗು ಬಂತು. ಆಮೇಲೆ ಅವಳಿಗೂ. ನಗುನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. "ಎಷ್ಟು ಸಲ ಆಗಿದೀವಿ?" ಅಂದಳು.

"ಪ್ರತಿ ಸಲಾನೂ ಒಪ್ಪಿದೀರಲ್ಲ!" ಅಂದ ಅವನು, ಗಾಳಿಪಟ ಸಿಕ್ಕಿದ ಮಗುವಿನ ಮುಖ ಮಾಡಿಕೊಂಡು.

"ನೀವು ಪ್ರತಿ ಸಲಾನೂ ಮರೆತಿದೀರ."

"ನೀವೂ."

"ಈ ಸಲ ಮರೆಯೋದು ಬೇಡ," ಅಂದಳು. ಅವಳು ಅಷ್ಟು ಗಟ್ಟಿಯಾಗಿ ಯಾವ ಮಾತನ್ನೂ ಆಡಿದವಳಲ್ಲ.

ಅವರು ಕೊಡದಜ್ಜನ ಹತ್ತಿರ ಹೋದರು. ಅಜ್ಜ ಹುಣಸೆಹಣ್ಣು ಹಚ್ಚಿ ಕೊಡ ಬೆಳಗುತ್ತ ಕೂತಿದ್ದ. ಎಲ್ಲವನ್ನೂ ಕೇಳಿ ಅಂದ, "ಒಂದು ರೆಪ್ಪೆ ಬಡಿಯೋ ಹೊತ್ತು ಕಣಮ್ಮ. ಅಷ್ಟರಲ್ಲಿ ಏನು ಮಹಾ ಕಳೆದುಹೋಗುತ್ತೆ?"

"ನನ್ನ ಮದುವೆ," ಅಂದಳು ಗುಂಡಿಯವಳು.

ಅಜ್ಜ ಕೊಡದ ಹೊಟ್ಟೆಯಲ್ಲಿ ತನ್ನ ಮುಖ ನೋಡಿಕೊಂಡ. ಅವನ ತೋಳಿಗೆ ವಯಸ್ಸಾಗಿತ್ತು, ಕೊಡ ಮೇಲೇಳುವುದು ತಡವಾಗುತ್ತಿತ್ತು. ರೆಪ್ಪೆ ಈಚೆಗೆ ಸ್ವಲ್ಪ ಉದ್ದವಾಗಿದೆ ಅನ್ನುವುದು ಅವನಿಗೂ ಗೊತ್ತಿತ್ತು. "ಸರಿ ಬಿಡು. ಈ ಸಲ ನಾನು ಕೊಡ ಎತ್ತಿದ ಕೂಡ್ಲೇ ಎಲ್ಲಾರೂ ಬಾಯಿ ಮುಚ್ಚಬೇಕು. ನೀರು ಬಿದ್ದ ಮೇಲೆ ತೆಗೀಬೇಕು. ಹೇಳದೇ ಇದ್ರೆ ಕಳೆಯೋದೇನು? ನೀವೂ ಆಮೇಲೇ ಹೇಳಿ. ಆಯ್ತಾ?"

ಆಯ್ತು ಅಂದರು. ಮದುವೆಯನ್ನು ಬೇರೆ ದಿನ ಇಟ್ಟುಕೊಳ್ಳೋಣ ಅಂದರೆ ಚಿಕ್ಕಮ್ಮ ಒಪ್ಪಲಿಲ್ಲ. ಈ ಚಿಕ್ಕಮ್ಮನನ್ನು ಊರಿನವರು ಮುಗಿಸದ ಚಿಕ್ಕಮ್ಮ ಅನ್ನುತ್ತಿದ್ದರು. "ಹೋಳಿಗೆ ಇಲ್ಲದ ದಿನ ಮದುವೆ ಮಾಡಿ, ಬಂದೋರಿಗೆ ಬರೀ ಅನ್ನ ಸಾರು ಹಾಕಿ, ಅವರು ಮನೆಗೆ ಹೋಗಿ ನಮ್ಮನ್ನ ಆಡಿಕೊಂಡು, ಅದನ್ನ ಈಗಮ್ಮನಿಗೆ ಹೇಳಿ, ಅವಳು ಹೂಂ ಅಂದು, ಅದು ಆಗೇಹೋಗಿ..." ಅವಳ ಮಾತು ಇನ್ನೂ ನಡೆಯುತ್ತಿರುವಾಗಲೇ ಇಬ್ಬರೂ ತಲೆಯಾಡಿಸಿ ಜಾರಿಕೊಂಡರು.

ತಲೆನೀರಿನ ದಿನ ಬಂತು. ಏಣಿಯನ್ನು ನಿಲ್ಲಿಸಿ, ಅದಕ್ಕೆ ಮಾವಿನ ಸೊಪ್ಪು ಕಟ್ಟಿ, ಅದರ ಕೆಳಗೇ ತಾಳಿ ಕಟ್ಟಿದ್ದಾಯಿತು. ಎಂದೋ ಅಮ್ಮ ನಗುತ್ತ ದಿಬ್ಬ ಜಾರಿದಳು. ಮೆಟ್ಟಿಲಿನವರು ಒಂದೊಂದು ಮೆಟ್ಟಿಲು ಏರಿದರು. ಹೊಸ ನಿನ್ನೆಮ್ಮ ಬಂದು ಕೂತಳು, ದುಂಡಗೆ, ಹೊಸ ಸೀರೆಯಲ್ಲಿ ಸರಬರ ಅನ್ನುತ್ತ. ಈಗಮ್ಮ ಪಿಸುಗುಟ್ಟಿದಳು, ಪಿಸುಗುಟ್ಟಿದಳು, ಕೊನೆಯ ಮಾತನ್ನೂ ಪಿಸುಗುಟ್ಟಿ ಉಸಿರು ಬಿಟ್ಟಳು. ಅಜ್ಜ ಕೊಡ ಎತ್ತಿದ. ಊರು ಬಾಯಿ ಮುಚ್ಚಿತು.

ಬಾಯಿ ಮುಚ್ಚಿತು, ಆದರೆ ಆಗುವುದು ನಿಲ್ಲಲಿಲ್ಲ. ಅಜ್ಜನ ತೋಳು ನಡುಗುತ್ತ ಮೇಲೇರುತ್ತಿದ್ದ ಆ ಹೊತ್ತಿನಲ್ಲೇ ಒಂದು ಆಡು ಒಬ್ಬರ ಪೇಟ ತಿಂದಿತು. ಕೋಳಿಯೊಂದು ಒಬ್ಬರ ಬುಟ್ಟಿಯಲ್ಲಿ ಮೊಟ್ಟೆಯಿಟ್ಟಿತು. ಒಂದು ಮಗುವಿನ ಹಲ್ಲು ಬಿತ್ತು. ಎರಡು ಮನೆಯವರು ವರ್ಷಗಳ ಜಗಳ ಬಿಟ್ಟು ಕಣ್ಣಲ್ಲೇ ರಾಜಿಯಾದರು. ಯಾರೂ ಹೇಳುವಂತಿಲ್ಲ. ಸುದ್ದಿ ಗಂಟಲಿಗೆ ಬಂತು, ನಾಲಿಗೆಗೆ ಬಂತು, ಕೆನ್ನೆಗೆ ಬಂತು. ಊರಿನ ಕೆನ್ನೆಗಳು ಪೂರಿಯ ಹಾಗೆ ಉಬ್ಬಿದವು. ಮುಗಿಸದ ಚಿಕ್ಕಮ್ಮನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಗುಂಡಿಯವಳು ಸೂಜಿಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು. ಒಂದು ಕೈಯಲ್ಲಿ ಈಗಮ್ಮನ ಕುಚ್ಚು, ಇನ್ನೊಂದರಲ್ಲಿ ಗಂಡನ ಕಿರುಬೆರಳು.

ಆಗ ಆ ಸೀನು ಬಂತು. ಎಂದೋ ಅಂಚಿನಲ್ಲಿ ಸಿಕ್ಕಿಕೊಂಡಿದ್ದವನಿಗೆ, ಆ ದಿನ, ಆ ನಿಶ್ಶಬ್ದದಲ್ಲಿ, ಅಷ್ಟು ಕಾಲದ ಬಡ್ಡಿಯನ್ನೂ ಸೇರಿಸಿಕೊಂಡು.

"ಆ... ಆ... ಆಕ್ಷೀ!"

ಊರು ಒಡೆಯಿತು.

"ಪೇಟ ತಿಂದ್ಬಿಡ್ತು!" "ಹಲ್ಲು ಬಿತ್ತು!" "ಮೊಟ್ಟೆ, ಮೊಟ್ಟೆ!" "ನಾವು ರಾಜಿ!" "ಸೀನು ಬಂತು ಕಣ್ರಪ್ಪೋ, ಬಂತು!" ಎಲ್ಲ ಕುಚ್ಚುಗಳೂ ಎಲ್ಲ ಕೈಗಳಲ್ಲಿ. ಹೂಂ, ಹೂಂ, ಹೂಂ, ಹೂಂ ಅಂದಳು ಈಗಮ್ಮ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಆ ಗದ್ದಲದಲ್ಲಿ ಗುಂಡಿಯವಳ ಹಲ್ಲಿನ ನಡುವಿಂದ ಸೂಜಿ ಬಿತ್ತು, ಸೂಜಿಯ ಹಿಂದೆಯೇ ಮಾತೂ ಬಿತ್ತು.

"ಮದುವೆ ಆಯ್ತು!"

"ಹೂಂ," ಅಂದಳು ಈಗಮ್ಮ.

ಗುಂಡಿಯವಳು ಮೇಲೆ ನೋಡಿದಳು. ಕೊಡ ಬಾಗುತ್ತಿತ್ತು. ಕೊಡದ ಬಾಯಲ್ಲಿ ನೀರು ಹೊಳೆಯುತ್ತಿತ್ತು. ಪಿಸುಮಾತು ಆಗಲೇ ಮುಗಿದಿದೆ; ಈಗ ಹೇಳಿದ್ದು ಯಾರಿಗೂ ಹೋಗಿಲ್ಲ. ನೀರು ಬಿದ್ದರೆ ಇನ್ನೊಂದು ಬಾಸಿಂಗ ಟ್ರಂಕಿಗೆ ಹೋಗುತ್ತದೆ, ಇವನು ಮತ್ತೆ ಗುಂಡಿ ಹೊಲಿಸಲು ಬಂದು "ಇನ್ಯಾರು ಹೊಲೀತಾರೆ?" ಅನ್ನುತ್ತಾನೆ. ಹೂಂ ಅಂದಾಗಿತ್ತು, ಕುಚ್ಚು ಬಿಡಬೇಕಿತ್ತು. ಅವಳು ಬಿಡಲಿಲ್ಲ.

"ಅಮ್ಮಾ," ಅಂದಳು, "ಇದನ್ನ ನಿಮಗೆ ಎಷ್ಟೋ ಸಲ ಹೇಳಿದೀವಿ. ಪ್ರತಿ ಸಲಾನೂ ಹೂಂ ಅಂದಿದೀರ. ಪ್ರತಿ ಸಲಾನೂ ತೊಳೆದುಹೋಗಿದೆ."

ಈಗಮ್ಮನ ಹುಬ್ಬು ಮೇಲೇರಿತು. "ಏನಂದೆ? ನಾನು ಹೂಂ ಅಂದಿದ್ದು ತೊಳೆದುಹೋಗುತ್ತಾ? ಹಾಗಾದ್ರೆ ನಾನಿಷ್ಟು ದಿನ ಅಂದಿದ್ದೇನು, ಸುಳ್ಳಾ?"

"ಏಳಿ ಅಮ್ಮಾ!" ಕೂಗಿದಳು ಗುಂಡಿಯವಳು, ಕುಚ್ಚು ಜಗ್ಗುತ್ತ. "ಓಡಿ!"

ಈಗಮ್ಮ ಎದ್ದಳು. ಉಯ್ಯಾಲೆ ಬಿಟ್ಟು ಏಳುವುದು ಎಂದರೇನೆಂದೇ ಗೊತ್ತಿಲ್ಲದ ಕಾಲುಗಳು ಒಂದು ಸಲ ತೊಡರಿದವು, ಇನ್ನೊಂದು ಸಲ ಕುಣಿದವು, ಮೂರನೆಯ ಹೆಜ್ಜೆಗೆ ಓಡಿಯೇಬಿಟ್ಟವು. ಸೆರಗು ಹಿಂದೆ ಹಾರಿತು. ಸೆರಗಿನ ಹಿಂದೆ ಕುಚ್ಚು, ಕುಚ್ಚಿನ ಹಿಂದೆ ಊರು. ಹೂಂ ಅನ್ನುವ ತನಕ ಬಿಡಬಾರದು ಅಂತ ಚಿಕ್ಕಂದಿನಿಂದ ಕಲಿತ ಪಾಠ. ಅರ್ಧ ಹೇಳಿದವರು ಕುಚ್ಚು ಬಿಡದೆ ಹೇಳುತ್ತಲೇ ಓಡಿದರು. "ಆಡು ಬಂದು," ಏದುಸಿರು, "ಪೇಟದ ತುದಿ," ಏದುಸಿರು. "ಹೂಂ," ಅಂದಳು ಈಗಮ್ಮ ಓಡುತ್ತಲೇ. "ಮುಂದೆ ಹೇಳಿ, ಕೇಳಿಸ್ತಿದೆ!" ಬಾವಿಯನ್ನು ಒಂದು ಸುತ್ತು ಹಾಕಿದರು. ಏಣಿಯ ಕೆಳಗೆ ನುಗ್ಗಿ ಹೋದರು. ಆಡು ಕೂಡ ಸೇರಿಕೊಂಡಿತು, ಬಾಯಲ್ಲಿ ಪೇಟ. ಎಲ್ಲಿಗೆ ಹೋದರೂ ಅವಳ ಕಿವಿ ಅವಳ ಜೊತೆಯೇ ಬರುತ್ತಿತ್ತು, ಹಿಡಿದವರ ಮಾತು ಕಿವಿಯ ಜೊತೆಯೇ ಹೋಗುತ್ತಿತ್ತು. ಅವಳು ಉಯ್ಯಾಲೆಯ ಮೇಲೆ ಕೂತಿದ್ದಕ್ಕಲ್ಲ, ಕುಚ್ಚು ಕೈಯಲ್ಲಿದ್ದದ್ದಕ್ಕೆ ಮಾತು ತಲುಪುತ್ತಿತ್ತು. ಇಷ್ಟು ಕಾಲ ಯಾರೂ ಅದನ್ನು ನೋಡಿರಲಿಲ್ಲ, ಯಾಕೆಂದರೆ ಅವಳು ಎದ್ದೇ ಇರಲಿಲ್ಲ.

ಓಡಿ ಓಡಿ ಈಗಮ್ಮ ದಿಬ್ಬದ ಕೆಳಗಿನ ಮೆಟ್ಟಿಲಿಗೆ ಬಂದಳು. ಅಲ್ಲಿ ಹೊಸಬಳು ಕೂತಿದ್ದಳು.

"ಏಳು ಮಗಳೇ, ಇದು ನಂದು."

"ಇದು ನಿನ್ನೆಮ್ಮನ ಮೆಟ್ಟಿಲು. ನಾನೇ ನಿನ್ನೆಮ್ಮ. ನೀವು ಈಗಮ್ಮ," ಅಂದಳು ಹೊಸಬಳು, ಪಾಠ ಒಪ್ಪಿಸುವ ಹಾಗೆ.

"ಹೆಸರು ತಾನೇ? ಇಕೋ, ತಗೊ. ನಿಂದು ನಂಗೆ ಕೊಡು. ಬೇಗ ಹೋಗು, ಅಲ್ಲಿ ಉಯ್ಯಾಲೆ ನಿಲ್ತಾ ಇದೆ!"

ನಿಜಕ್ಕೂ ಖಾಲಿ ಉಯ್ಯಾಲೆಯ ತೂಗು ಸಣ್ಣದಾಗುತ್ತಿತ್ತು. ಊರಂಚಿನ ಹಕ್ಕಿಗಳು ಆಗಲೇ ಗಾಳಿಯಲ್ಲಿ ತಡವರಿಸುತ್ತಿದ್ದವು. ಹೊಸಬಳು ಸೀರೆ ಎತ್ತಿಕೊಂಡು ಓಡಿ ಉಯ್ಯಾಲೆಯ ಮೇಲೆ ದೊಪ್ಪನೆ ಕೂತಳು. ಬಾಗುತ್ತಿದ್ದ ಕೊಡವನ್ನು ಅಷ್ಟು ಹೊತ್ತೂ ತಡೆದು ಹಿಡಿದಿದ್ದ ಕೊಡದಜ್ಜನ ತೋಳು ಅದೇ ಕ್ಷಣಕ್ಕೆ ಸೋತು ಕೊಡ ಮಗುಚಿತು. ನೀರೆಲ್ಲ ಅವಳ ನೆತ್ತಿಯ ಮೇಲೆ.

ಅವಳ ಕಿವಿಗೆ ಬೆಳಗಿನಿಂದ ಪಿಸುಗುಟ್ಟಿದ್ದೆಲ್ಲ ಮೋರಿಗೆ ಹೋಯಿತು. ಹೋದರೆ ಹೋಗಲಿ; ಅದರ ಮೂಲ, ಹಳೆಯ ಈಗಮ್ಮನ ತಲೆ, ಮೆಟ್ಟಿಲಿನ ಮೇಲೆ ಕೂತು ಏದುಸಿರು ಬಿಡುತ್ತಿತ್ತಲ್ಲ! ಹೊಸಬಳು ಕಣ್ಣೊರೆಸಿಕೊಂಡು, ಈಗಷ್ಟೇ ಹುಟ್ಟಿದವಳ ಹಾಗೆ ಸುತ್ತ ನೋಡಿ, ಕಾಲು ಜಾಡಿಸಿ ಉಯ್ಯಾಲೆ ಮೀಟಿದಳು. ಆಗಲೇ ಕುಚ್ಚು ಬಿಟ್ಟು ನಿಂತಿದ್ದವರು ಅವಳ ಸೆರಗಿನ ಹೊಸ ಕುಚ್ಚುಗಳತ್ತ ಓಡಿದರು. "ಈಗಮ್ಮಾ, ನನ್ನ ಚಪ್ಪಲಿ ಕಿತ್ತುಹೋಯ್ತು."

"ಹೂಂ," ಅಂದಳು ಹೊಸ ಈಗಮ್ಮ. ಸೊಗಸಾದ, ದುಂಡನೆಯ ಹೂಂ.

ಕೊಡದಜ್ಜ ಖಾಲಿ ಕೊಡ ಹಿಡಿದು ನಿಂತಿದ್ದ. ಮೆಟ್ಟಿಲಿನ ಹತ್ತಿರ ನೋಡಿದರೆ ಕುಚ್ಚು ಹಿಡಿದವರು ಬಿಡುತ್ತಲೇ ಇಲ್ಲ. ಒಂದು ಮಾತು ಮುಗಿಸಿ, ಹೂಂ ಅನ್ನಿಸಿಕೊಂಡು, ಅದೇ ಕುಚ್ಚಿನಲ್ಲಿ ಇನ್ನೊಂದು ಶುರುಮಾಡುತ್ತಿದ್ದಾರೆ. ಹಳೇ ಕಿವಿ, ಅಭ್ಯಾಸದ ಕಿವಿ. ಅವಳ ತಲೆ ಮತ್ತೆ ಭಾರವಾಗಿ ಕಲ್ಲಿನ ಮೆಟ್ಟಿಲು ಕಟಕಟ ಅನ್ನುತ್ತಿತ್ತು. ಅಜ್ಜನಿಗೆ ಸಿಟ್ಟು ಬಂತು. ಇಡೀ ಜೀವಮಾನ ನೀರು ಸುರಿದವನನ್ನು ಇವತ್ತು ಯಾರೂ ತಿರುಗಿ ಕೂಡ ನೋಡಿರಲಿಲ್ಲ. ಕೊಡ ಬೋರಲು ಹಾಕಿದ, ತನ್ನ ಕೋಲು ತೆಗೆದ, ಬಾರಿಸಿದ.

ಢಣ್!

ಊರು ಬೆಚ್ಚಿತು.

"ಏನ್ರಯ್ಯಾ, ಎಲ್ಲಾರೂ ಅವಳ ಸೆರಗಿಗೇ ಜೋತುಬಿದ್ರೆ ಹೆಂಗೆ? ಹಿಡಿದ ಮಾತು ಮುಗಿಸಿ. ಹೂಂ ಅನ್ನಿಸಿಕೊಳ್ಳಿ. ಬಿಡಿ. ಮುಂದಿನ ಮಾತು ಉಯ್ಯಾಲೆ ಹತ್ರ!"

ಢಣ್!

ಒಬ್ಬೊಬ್ಬರಾಗಿ ಮುಗಿಸಿದರು, ಬಿಟ್ಟರು, ತಿರುಗಿದರು. ಆಡು ತಿರುಗಿತು. ಸೀನಿದವನು ತಿರುಗಿದ. ಗುಂಡಿಯವಳು ತನ್ನ ಕುಚ್ಚಿಗೆ ಮುತ್ತಿಟ್ಟು ಬಿಟ್ಟಳು. ಕೊನೆಗೆ ಒಂದೇ ಒಂದು ಕುಚ್ಚು ಉಳಿಯಿತು. ಅದನ್ನು ಹಿಡಿದಿದ್ದವಳು ಮುಗಿಸದ ಚಿಕ್ಕಮ್ಮ.

"...ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಏಲಕ್ಕಿ ಕುಟ್ಟಿ, ರುಬ್ಬೋಕಲ್ಲು ತೊಳೆದು, ಅಷ್ಟರಲ್ಲಿ ಮದುಮಗಳು ಸೂಜಿ ಕಳಕೊಂಡು, ಅದನ್ನ ಹುಡುಕೋಕೆ ಮದುಮಗ ಮಂಚದ ಕೆಳಗೆ ತೂರಿ, ಅವನ ಪಂಚೆ ಮೊಳೆಗೆ ಸಿಕ್ಕಿ..."

ಹಳೆಯ ಈಗಮ್ಮ ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದಳು. ಅಜ್ಜ ಕೋಲು ಎತ್ತಿದ. ಅವಳು ಬೇಡ ಅಂತ ಸನ್ನೆ ಮಾಡಿದಳು. ನೆರಳುಗಳು ಉದ್ದವಾದವು. ಹೂರಣ ಕಣಕದೊಳಗೆ ಹೋಯಿತು, ಹೋಳಿಗೆ ಕಾವಲಿಯ ಮೇಲೆ ಬಿತ್ತು, ತಿರುವಿ ಹಾಕಿದ್ದಾಯಿತು, ತುಪ್ಪ ಸವರಿದ್ದಾಯಿತು. "...ಇಷ್ಟು ಮಾಡಿ, ಒಬ್ಬಳಿಗೆ ಮಾತ್ರ ಬಡಿಸಕ್ಕೆ ಆಗ್ಲಿಲ್ವಲ್ಲಾ ಅಂತ ನನಗೆ ಒಂದೇ ಸಂಕಟ." ಚಿಕ್ಕಮ್ಮ ನಿಲ್ಲಿಸಿದಳು. ತಾನು ಮುಗಿಸಿದೆ ಅಂತ ಗೊತ್ತಾಗಿ ಅವಳಿಗೇ ಗಾಬರಿಯಾಯಿತು.

"ಹೂಂ," ಅಂದಳು ಆಕೆ, ಸ್ವಲ್ಪ ತಡವಾಗಿ.

ಚಿಕ್ಕಮ್ಮ ಕುಚ್ಚು ಬಿಟ್ಟಳು. ಸೆರಗು ಖಾಲಿಯಾಯಿತು. ಈಗ ನಿನ್ನೆಮ್ಮನಾಗಿದ್ದವಳು ಕಣ್ಣು ಮುಚ್ಚಿ, ಕೇಳಿದ್ದನ್ನೆಲ್ಲ ನಿಧಾನವಾಗಿ ಮಡಚತೊಡಗಿದಳು.

ಊರು ಹೇಳುತ್ತಿತ್ತು. ಈಗಮ್ಮ ಹೂಂ ಅನ್ನುತ್ತಿದ್ದಳು. ಉಯ್ಯಾಲೆ ತೂಗುತ್ತಿತ್ತು.

ಮರುದಿನ ಬೆಳಕು ಹರಿಯುವ ಮುಂಚೆಯೇ ಏಣಿಯವನು ಏಣಿ ಹೊತ್ತು ಹೊರಟ. ತೆಂಗಿನ ಮರದ ಮೇಲೆ ಯಾರೂ ಇರಲಿಲ್ಲ. ಹಲಸಿನ ಮರ, ಖಾಲಿ. ಮಾಡಿನ ಮೇಲೂ ಯಾರೂ ಇಲ್ಲ. ಯಾರ ಮನೆಯ ಕೇಸರಿಬಾತೂ ದಿಕ್ಕಿಲ್ಲದೆ ಬಿದ್ದಿರಲಿಲ್ಲ. ಇಳಿಸಲು ಯಾರೂ ಸಿಗದೆ ಅವನೇ ಒಂದು ಸಲ ಹತ್ತಿ ಇಳಿದ, ಕೈ ಸುಮ್ಮನಿರದೆ. ಮನೆಗೆ ಓಡಿಬಂದ.

ಗುಂಡಿಯವಳು ಹೊಸ್ತಿಲ ಮೇಲೆ ಕೂತು ಅಂಗಿ ಹೊಲಿಯುತ್ತಿದ್ದಳು. ತಲೆಯೆತ್ತಿ, ಬಾಯಿಂದ ಸೂಜಿ ತೆಗೆದು, "ಯಾರು ಬೇಕಿತ್ತು?" ಅಂದಳು.

ಅವನ ಹೆಗಲಿಂದ ಏಣಿ ಜಾರಿ ಬಿತ್ತು. ಮುಖ ಸುಣ್ಣವಾಯಿತು. "ನಾನು... ನಾವು... ನಿನ್ನೆ..."

ಅವಳಿಗೆ ತಡೆಯಲಾಗಲಿಲ್ಲ. ನಕ್ಕಳು, ನಕ್ಕಳು, ಹೊಸ್ತಿಲಿಂದ ಪಕ್ಕಕ್ಕೆ ವಾಲುವಷ್ಟು ನಕ್ಕಳು. "ಒಳಗೆ ಬನ್ನಿ ರೀ. ಅಷ್ಟು ಸಲ ಮರೆತಿದ್ದಕ್ಕೆ ಇದು ಒಂದೇ ಒಂದು ಸಲ."

ಅಂದಿನಿಂದ ಯಾರೂ ಯಾರ ಕಿವಿಗೂ ಪಿಸುಗುಟ್ಟಲಿಲ್ಲ, ಕೊಡದಲ್ಲಿ ಯಾರೂ ನೀರು ತುಂಬಲಿಲ್ಲ. ಕಿವಿ ತುಂಬಿದಾಗ ಈಗಮ್ಮ ತನ್ನ ಕಿವಿ ತನ್ನ ಜೊತೆಯೇ ಇಟ್ಟುಕೊಂಡು ಎದ್ದು ಮೆಟ್ಟಿಲಿಗೆ ಹೋಗುತ್ತಿದ್ದಳು. ಹಿಡಿದವರು ಹಿಂದೆ ಹೋಗುತ್ತಿದ್ದರು. ಹೊಸಬಳು ಉಯ್ಯಾಲೆ ನಿಲ್ಲುವುದರೊಳಗೆ ಬಂದು ಕೂರುತ್ತಿದ್ದಳು. ಅಜ್ಜ ಢಣ್ ಅನ್ನಿಸುತ್ತಿದ್ದ. ಕೊನೆಯ ಕುಚ್ಚು ಬಿಡುವ ತನಕ ಯಾರೂ ಏನನ್ನೂ ಮಡಚುತ್ತಿರಲಿಲ್ಲ. ಕೊನೆಯ ಕುಚ್ಚು ಯಾವಾಗಲೂ ಚಿಕ್ಕಮ್ಮನದೇ. ಬರುಬರುತ್ತ ಜನ ಅದನ್ನು ಕೇಳಲೆಂದೇ ಚಾಪೆ ತಂದು ಕೂರತೊಡಗಿದರು.

ಓಡಿದ ಈಗಮ್ಮ ಮೊನ್ನೆಮ್ಮನಾದಳು. ಆಚೆಮೊನ್ನೆಮ್ಮನಾದಳು. ಮೇಲಿನ ಮೆಟ್ಟಿಲು ಸೇರಿ ಎಂದೋ ಅಮ್ಮನಾದಳು, ಗಾಳಿಗೆ ಅವಳ ಕೂದಲು ಹಾರಿತು. ಅವಳು ಇಳಿಯುವ ದಿನದ ಹಿಂದಿನ ದಿನ ಗುಂಡಿಯವಳು ಊಟ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು. ಬಾಯಲ್ಲಿ ಸೂಜಿ ಇರಲಿಲ್ಲ.

"ನಾಳೆ ನೀವು ಮರೆತುಬಿಡ್ತೀರ."

"ಹೂಂ."

"ನಮ್ಮ ಮದುವೇನೂ."

ಅವಳು ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಆಡು, ಪೇಟ, ಹಲ್ಲು, ಮೊಟ್ಟೆ ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ಒಂದು ಮಾತನ್ನು ಹುಡುಕಿ ನೋಡಿಕೊಂಡಳು. "ಇದೆ. ಇಲ್ಲೇ ಇದೆ. 'ಮದುವೆ ಆಯ್ತು.' ಚೀರಿದ್ದೀಯ ನೋಡು." ಮತ್ತೆ ಮಡಚಿದಳು. "ಕೇಳಿ ಮಡಚಿಟ್ಟು ಮರೆತದ್ದು ಆಗೇ ಇರುತ್ತೆ ಮಗಳೇ. ಮಡಚೋ ಮುಂಚೆ ತೊಳೆದುಹೋದದ್ದು ಮಾತ್ರ ಆಗಿರಲ್ಲ. ಹೋಗು. ಹಿಟ್ಟು ಕಲಸು."

ಮರುದಿನ ಗುಂಡಿಯವಳು, ಏಣಿಯವನು, ಚಿಕ್ಕಮ್ಮ ದಿಬ್ಬದ ಬುಡದಲ್ಲಿ ಬಾಳೆಎಲೆ ಹಾಸಿ ಕಾದರು. ಮೇಲೆ ಅವಳು ಎದ್ದು ನಿಂತಳು. ಒಂದು ಗಾಳಿ ಬಂತು. ಅವಳ ಮುಖದಿಂದ ಊರು ಇಳಿದುಹೋದದ್ದು ಕೆಳಗಿನವರಿಗೂ ಕಾಣಿಸಿತು. ಆಮೇಲೆ ಅವಳು ಹುಲ್ಲಿನ ಮೇಲೆ ಕೂತು, ಸೀರೆ ಬಿಗಿದುಕೊಂಡು, ಜಾರಿದಳು. ಜಾರುತ್ತ ನಕ್ಕಳು, ಉರುಳುತ್ತ ನಕ್ಕಳು, ತಲೆಗೂದಲ ತುಂಬ ಹುಲ್ಲಿನೆಸಳು ಸಿಕ್ಕಿಸಿಕೊಂಡು ಎಲೆಯ ಮುಂದೆ ಬಂದು ನಿಂತಳು.

"ಯಾರಪ್ಪಾ ನೀವು? ಗಂಡ ಹೆಂಡ್ತೀನಾ?"

ಏಣಿಯವನು ಹೆಂಡತಿಯನ್ನು ನೋಡಿದ. "ನಮ್ಮ ಮದುವೆ ಯಾವತ್ತಾಯ್ತು?"

ಗುಂಡಿಯವಳು ಯೋಚಿಸಿದಳು. ಯಾವತ್ತು, ಎಲ್ಲಿ, ಯಾರು ಬಂದಿದ್ದರು, ಒಂದೂ ಹೊಳೆಯಲಿಲ್ಲ. ಆದರೆ ಅವನ ಕಿರುಬೆರಳು ಅವಳ ಮುಷ್ಟಿಯಲ್ಲೇ ಇತ್ತು, ಅದು ಅಲ್ಲಿ ಹೇಗೆ ಬಂತೆಂದು ಅವಳಿಗೆ ಆಶ್ಚರ್ಯವಾಗಲಿಲ್ಲ. "ಗೊತ್ತಿಲ್ಲ ರೀ," ಅಂದಳು. "ಆಗಿದೆ." ಅಷ್ಟು ಅನ್ನುವುದರೊಳಗೆ ಇಬ್ಬರಿಗೂ ನಗು ಬಂತು.

"ಯಾವತ್ತು ಅಂದ್ರೆ," ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರುಮಾಡಿದಳು, "ನನಗೂ ಸರಿಯಾಗಿ ನೆನಪಿಲ್ಲ, ಆದ್ರೂ ಹೇಳ್ತೀನಿ ಕೇಳಿ, ಬೆಳಿಗ್ಗೆ ಎದ್ದು, ಕಡಲೆಬೇಳೆ ತೊಳೆದು, ನೀರಿಟ್ಟು..."

ಕೂದಲಲ್ಲಿ ಹುಲ್ಲಿದ್ದವಳು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಹೋಳಿಗೆಯ ಬುಟ್ಟಿಯನ್ನು ನೋಡಿದಳು. ತುಪ್ಪದ ಗಿಂಡಿಯನ್ನು ನೋಡಿದಳು. ಆಮೇಲೆ ಚಿಕ್ಕಮ್ಮನ ಕಡೆ ಕೈಯೆತ್ತಿದಳು.

"ಏನೂ ಹೇಳ್ಬೇಡಿ," ಅಂದಳು. "ಬಡಿಸಿ."